ದೋಸೆ ಹಿಟ್ಟಿನ ನೈಸ್, ವಾಟ್ಸಾಪಿನ ನೈಸ್: ಈ ಪದದ ನಿಜವಾದ ಅರ್ಥ ಯಾವುದು?

ದೋಸೆಹೆಂಚು:
ಎಲ್ಲರಿಗೂ ನಮಸ್ಕಾರ. ಒಂದು ಸಣ್ಣ ಅನುಮಾನ, ಆದರೆ ಎರಡು ದಿನದಿಂದ ತಲೆ ತಿನ್ನುತ್ತಿದೆ.

ಭಾನುವಾರ ದೋಸೆಗೆ ರುಬ್ಬುತ್ತಿದ್ದೆ. ಅತ್ತೆ ಬಂದು ಹಿಟ್ಟನ್ನು ಎರಡು ಬೆರಳಲ್ಲಿ ತಿಕ್ಕಿ ನೋಡಿ, "ಇನ್ನೂ ತರಿ ಇದೆ, ಸ್ವಲ್ಪ ನೈಸಾಗಿ ರುಬ್ಬು" ಅಂದರು. ನನ್ನ ಮಗ ಏಳನೇ ಕ್ಲಾಸು. ಪಕ್ಕದಲ್ಲೇ ಕೂತಿದ್ದ. "ಅಜ್ಜಿ, ನೈಸ್ ಅಂದ್ರೆ ಚೆನ್ನಾಗಿದೆ ಅಂತ ಅಲ್ವಾ? ಹಿಟ್ಟು ಹೇಗೆ ನೈಸ್ ಆಗುತ್ತೆ?" ಅಂತ ಕೇಳಿದ. ಅಜ್ಜಿ "ಆಗುತ್ತೆ, ನೋಡ್ತಿರು" ಅಂದರು. ಅಲ್ಲಿಗೆ ಮಾತು ಮುಗಿಯಿತು.

ಅದೇ ಸಂಜೆ ವಾಟ್ಸಾಪಿನಲ್ಲಿ ಒಂದು ಫಾರ್ವರ್ಡ್ ಬಂತು. "ಯಾರಾದರೂ ನಿಮ್ಮನ್ನು ನೈಸ್ ಅಂದರೆ ಖುಷಿಪಡಬೇಡಿ. ಅದರ ನಿಜವಾದ ಅರ್ಥ ದಡ್ಡ!" ಅಂತ. ಕೆಳಗೆ ನಗುವ ಮುಖಗಳ ಸಾಲು.

ಇನ್ನು ನಮ್ಮ ಆಫೀಸಿನಲ್ಲಿ ಒಬ್ಬರಿದ್ದಾರೆ. ಎಲ್ಲರಿಗೂ ನೈಸ್ ಮಾಡಿ ತಮ್ಮ ಕೆಲಸ ಮಾಡಿಸಿಕೊಂಡು, ಕೊನೆಗೆ ನೈಸಾಗಿ ಜಾರಿಕೊಳ್ಳುತ್ತಾರೆ. ಹಾಗಾದರೆ ಈ ಪದಕ್ಕೆ ಎಷ್ಟು ಅರ್ಥ? ಒಳ್ಳೆಯದು, ನುಣುಪು, ಪೂಸಿ, ದಡ್ಡತನ... ಒಂದಕ್ಕೊಂದು ಸಂಬಂಧವೇ ಇಲ್ಲವಲ್ಲ! ತಿಳಿದವರು ಹೇಳಿ.

ಹಳೇಮೇಷ್ಟ್ರು:
ಫಾರ್ವರ್ಡ್ ಪೂರ್ತಿ ಸುಳ್ಳಲ್ಲ ತಾಯಿ. ಅರ್ಧ ನಿಜ. ಅದಕ್ಕೇ ಅಪಾಯ ಜಾಸ್ತಿ.

ನೈಸ್ ಪದದ ಅಜ್ಜ ಲ್ಯಾಟಿನ್ ಭಾಷೆಯ 'ನೆಸ್ಕಿಯುಸ್'. 'ನೆ' ಅಂದರೆ ಇಲ್ಲ. 'ಸ್ಕಿರೆ' ಅಂದರೆ ತಿಳಿ, ಅರಿ. ಎರಡೂ ಸೇರಿದರೆ ತಿಳಿಯದವನು. ಅದೇ ಸ್ಕಿರೆಯಿಂದಲೇ ಸೈನ್ಸ್ ಕೂಡ ಬಂದದ್ದು. ಅಂದರೆ ನೈಸ್ ಮತ್ತು ಸೈನ್ಸ್ ಒಂದೇ ಮನೆಯ ಮಕ್ಕಳು. ಒಬ್ಬ ತಿಳಿದವನು, ಇನ್ನೊಬ್ಬ ತಿಳಿಯದವನು. ನಮ್ಮ ವಿಜ್ಞಾನ ಮತ್ತು ಅಜ್ಞಾನ ಇಲ್ವಾ, ಹಾಗೆ.

ಲ್ಯಾಟಿನ್ನಿಂದ ಹಳೆಯ ಫ್ರೆಂಚಿಗೆ ಬಂದಾಗ ಪದ ಸವೆದು 'ನೀಸ್' ಆಯಿತು. ಅರ್ಥ ಪೆದ್ದ, ಕೈಲಾಗದವ. 1300ರ ಸುಮಾರಿಗೆ ಇಂಗ್ಲಿಷಿಗೆ ಬಂದಾಗಲೂ ಅದೇ ಅರ್ಥ. 14ನೇ ಶತಮಾನದ ಚಾಸರ್ ಕವಿ ಯಾರನ್ನಾದರೂ ನೈಸ್ ಅಂದರೆ ಅದು ಬೈಗುಳ, ಹೊಗಳಿಕೆ ಅಲ್ಲ. ಉಚ್ಚಾರಣೆಯೂ ಈಗಿನಂತಿರಲಿಲ್ಲ. 'ನೀಸ' ಅನ್ನುತ್ತಿದ್ದರು. ಆಮೇಲಿನ ಒಂದೆರಡು ಶತಮಾನಗಳಲ್ಲಿ ಇಂಗ್ಲಿಷಿನ ಉದ್ದ 'ಈ' ಎಲ್ಲ 'ಐ' ಆಗಿಬಿಟ್ಟಿತು. ಟೈಮ್, ಮೈಸ್, ಲೈಫ್ ಎಲ್ಲ ಹಾಗೆ ಆದವೇ. ಅದರ ಜೊತೆ ನೀಸ್ ಕೂಡ ನೈಸ್ ಆಯಿತು.

ಈಗ ದಡ್ಡನಿಂದ ಒಳ್ಳೆಯದಕ್ಕೆ ಹೇಗೆ ಬಂತು? ಒಂದೇ ನೆಗೆತಕ್ಕೆ ಬರಲಿಲ್ಲ. ಒಂದೊಂದೇ ಮೆಟ್ಟಿಲು ಹತ್ತಿತು. ತಿಳಿಯದವನು ಅಂಜುತ್ತಾನೆ, ಆದ್ದರಿಂದ ಅಂಜುಬುರುಕ. ಅಂಜುವವನಿಗೆ ಎಲ್ಲದಕ್ಕೂ ಮಡಿ. ಇದು ಮುಟ್ಟಬೇಡ, ಅದು ತಿನ್ನಬೇಡ. ಆದ್ದರಿಂದ ಎಲ್ಲಕ್ಕೂ ಕೊಂಕು ತೆಗೆಯುವವನು. ಅಷ್ಟು ಮಡಿ ಇರುವವನು ನಾಜೂಕು. ನಾಜೂಕಿನಿಂದ ಸೂಕ್ಷ್ಮ, ಕರಾರುವಾಕ್ಕು. ಸೂಕ್ಷ್ಮವಾದ, ಅಚ್ಚುಕಟ್ಟಾದ ವಸ್ತು ನೋಡಲು ಚೆಂದ. ಹೀಗೆ 1769ರ ಹೊತ್ತಿಗೆ ಬರವಣಿಗೆಯಲ್ಲಿ 'ಹಿತವಾದ, ಚೆನ್ನಾಗಿರುವ' ಅನ್ನುವ ಅರ್ಥ ಕಾಣಿಸುತ್ತದೆ. ಒಳ್ಳೆಯ ಸ್ವಭಾವದವನು ಅನ್ನುವುದು ಅದಕ್ಕೂ ಆಮೇಲೆ, 19ನೇ ಶತಮಾನದ್ದು.

ತಮಾಷೆ ಏನೆಂದರೆ 16, 17ನೇ ಶತಮಾನದ ಬರವಣಿಗೆ ಓದುವಾಗ ನೈಸ್ ಅಂದರೆ ಇವುಗಳಲ್ಲಿ ಯಾವುದು ಅಂತ ನಿಘಂಟು ಮಾಡುವವರಿಗೇ ಎಷ್ಟೋ ಸಲ ಗೊತ್ತಾಗುವುದಿಲ್ಲ. ಎಲ್ಲ ಮೆಟ್ಟಿಲುಗಳ ಮೇಲೂ ಒಟ್ಟಿಗೇ ಜನ ನಿಂತಿದ್ದರು. ನಾನು ರೋಮಿಯೋ ಜೂಲಿಯೆಟ್ ಪಾಠ ಮಾಡುವಾಗ ಪ್ರತಿ ವರ್ಷ ಇದೇ ಗೋಳು. ರೋಮಿಯೋಗೆ ಕಳಿಸಿದ ಪತ್ರ ತಲುಪಲಿಲ್ಲ ಅಂತ ಗೊತ್ತಾದಾಗ ಪಾದ್ರಿ "ಆ ಪತ್ರ ನೈಸ್ ಅಲ್ಲ" ಅನ್ನುತ್ತಾನೆ. ಹುಡುಗರೆಲ್ಲ "ಕೆಟ್ಟ ಪತ್ರವಾ ಸರ್?" ಅಂತ ಕೇಳುತ್ತಿದ್ದರು. ಅಲ್ಲಪ್ಪ, ಅಲ್ಲಿ ನೈಸ್ ಅಂದರೆ ಕ್ಷುಲ್ಲಕ. ಅದೇನು ಸಣ್ಣಪುಟ್ಟ ವಿಷಯದ ಪತ್ರವಲ್ಲ, ತೂಕದ್ದು, ಅಂತ ಅವನ ಗೋಳು.

ಲಿನಕ್ಸ್‌ಪ್ರಿಯ:
ಮೇಷ್ಟ್ರೇ, ಸೈನ್ಸ್-ನೈಸ್ ಅಣ್ಣತಮ್ಮಂದಿರು ಅನ್ನೋದು ಗೊತ್ತೇ ಇರಲಿಲ್ಲ. ಸೂಪರ್.

ಬೇರುಹುಡುಕ:
ಎಲ್ಲರೂ ಲ್ಯಾಟಿನ್ನಿಗೆ ಯಾಕೆ ಓಡುತ್ತೀರಿ? ಕಣ್ಣೆದುರಿಗೇ ಇದೆಯಲ್ಲ, 'ನಯ'! ನಯವಾದ ಹಿಟ್ಟು, ನಯವಾದ ಮಾತು, ನಯವಂಚಕ. ನೈಸ್ ಹಿಟ್ಟು, ನೈಸ್ ಮಾತು, ನೈಸ್ ಮಾಡುವವನು. ಒಂದೊಂದೂ ಹೊಂದುತ್ತದೆ. ನಯದಿಂದಲೇ ನೈಸ್ ಹುಟ್ಟಿದ್ದು. ಇಂಗ್ಲಿಷಿನವರು ನಮ್ಮಿಂದ ತೆಗೆದುಕೊಂಡು ಹೋಗಿರಬೇಕು.

ಹಳೇಮೇಷ್ಟ್ರು:
ಬೇರುಹುಡುಕರೇ, ಅರ್ಥ ಹೊಂದುತ್ತದೆ ಅನ್ನುವುದು ಸರಿ. ಅದಕ್ಕೆ ಬೇರೆ ಕಾರಣ ಇರಬಹುದು. ಆದರೆ ಹುಟ್ಟಿದ್ದು ಅಲ್ಲಿಂದಲ್ಲ.

ನೈಸ್ ಕೊನೆಯಲ್ಲಿರುವ 'ಸ್' ನೋಡಿ. ಅದು ಬಾಲ ಅಲ್ಲ. ಅದೇ ಬೇರು! ಸ್ಕಿರೆಯಲ್ಲಿ ಉಳಿದುಕೊಂಡ ಚೂರು ಅದು. ಮುಂದಿನ 'ನೆ' ಬರೀ 'ಇಲ್ಲ' ಅನ್ನುವುದು. ನೀವು ಹೇಳಿದಂತೆ ನಯವೇ ಮೂಲವಾದರೆ ಆ 'ಸ್' ಎಲ್ಲಿಂದ ಅಂಟಿಕೊಂಡಿತು? ಇಂಗ್ಲಿಷಿನವರು ಇಲ್ಲಿಗೆ ಬರುವ ಮೂರು ಶತಮಾನ ಮೊದಲೇ ಅವರ ಪುಸ್ತಕಗಳಲ್ಲಿ ಈ ಪದ ಇದೆ. ಅದೂ ದಡ್ಡ ಅನ್ನುವ ಅರ್ಥದಲ್ಲಿ. ನಯಕ್ಕೆ ದಡ್ಡ ಅನ್ನುವ ಅರ್ಥ ಯಾವತ್ತಾದರೂ ಇತ್ತಾ?

ಬೇರುಹುಡುಕ:
ಸರಿ ಸರ್, ಆ 'ಸ್' ವಿಚಾರ ಒಪ್ಪಿದೆ. ಆದರೆ ದೋಸೆ ಹಿಟ್ಟಿಗೆ ಹೇಗೆ ಬಂತು ಅಂತ ನೀವೂ ಹೇಳಲಿಲ್ಲ.

ಥೇಮ್ಸ್‌ದಡ:
ದೋಸೆ ಹಿಟ್ಟಿನ ನೈಸ್ ಆ ನಡುವಿನ ಮೆಟ್ಟಿಲಿನದ್ದೇ ಇರಬಹುದಾ? ನಾಜೂಕು, ಸೂಕ್ಷ್ಮ ಅಂದರಲ್ಲ, ಅದು. ಇಲ್ಲಿ ಲಂಡನ್ನಿನಲ್ಲಿ ಇವತ್ತಿಗೂ ವಾದ ಮಾಡುವಾಗ 'ನೈಸ್ ವ್ಯತ್ಯಾಸ' ಅನ್ನುವುದುಂಟು. ಒಳ್ಳೆಯ ವ್ಯತ್ಯಾಸ ಅಂತಲ್ಲ. ಕೂದಲೆಳೆಯಷ್ಟು ಸಣ್ಣ ವ್ಯತ್ಯಾಸ ಅಂತ. 'ನೈಸಿಟಿ' ಅನ್ನುವ ಪದದಲ್ಲೂ ಅದೇ ಹಳೆಯ ಅರ್ಥ ಕೂತಿದೆ. ಸಣ್ಣಗೆ ಬೀಸಿದ ಹಿಟ್ಟಿಗೂ ಕೂದಲೆಳೆ ವ್ಯತ್ಯಾಸಕ್ಕೂ ದೂರ ಏನಿಲ್ಲ.

ಅಂದ ಹಾಗೆ ನೈಸ್ ಬಿಸ್ಕತ್ತು ನೆನಪಾಯಿತು. ಮೇಲೆ ಸಕ್ಕರೆ ಹರಳು, ತೆಂಗಿನಕಾಯಿ ಪರಿಮಳ. ನಾವು ಊರಿನಲ್ಲಿ ನೈಸ್ ಅಂತಲೇ ಅಂಗಡಿಯಲ್ಲಿ ಕೇಳುತ್ತಿದ್ದೆವು. ಇಲ್ಲಿ ಅದನ್ನು ನೈಸ್ ಅನ್ನಬೇಕೋ ನೀಸ್ ಅನ್ನಬೇಕೋ ಅಂತ ಟೀ ಕುಡಿಯುವಾಗ ಜಗಳವೇ ಆಗುತ್ತದೆ. ಫ್ರಾನ್ಸಿನಲ್ಲಿ ಸಮುದ್ರದ ಪಕ್ಕ ನೀಸ್ ಅಂತ ಊರಿದೆ. ಕಾಗುಣಿತ ಒಂದೇ. ಆದರೆ ಊರಿನ ಹೆಸರಿಗೂ ನಮ್ಮ ಪದಕ್ಕೂ ಸಂಬಂಧ ಇಲ್ಲ. ಅದು ಗ್ರೀಕರ 'ನಿಕಾಯಾ', ಗೆಲುವಿನ ಊರು.

ಧಾರವಾಡಪೇಡಾ:
ನಮ್ಮ ಕಡೆ ಗಿರಣಿಯಾಗ "ಸಣ್ಣಗ ಬೀಸು" ಅಂತೀವ್ರೀ. ನಮ್ಮವ್ವ ನೈಸ್ ಅಂದದ್ದು ಸೀರಿಗೆ ಮಾತ್ರ. "ನೈಸ್ ಸೀರಿ ಬ್ಯಾಡ, ಹೆಗಲ ಮ್ಯಾಲೆ ನಿಲ್ಲಂಗಿಲ್ಲ" ಅಂತಿದ್ಲು.

ಪುಣೆಕನ್ನಡತಿ:
ಥೇಮ್ಸ್‌ದಡ ಅವರ ಮಾತು ಚೆನ್ನಾಗಿದೆ. ಆದರೆ ನನಗೆ ಒಂದು ಸಂಶಯ.

ನಾನು ಮದುವೆಯಾಗಿ ಪುಣೆಗೆ ಬಂದ ಹೊಸದರಲ್ಲಿ ಪಕ್ಕದ ಮನೆಯವರಿಗೆ ಇಡ್ಲಿ ಹಿಟ್ಟು ಹೇಳಿಕೊಡುತ್ತಿದ್ದೆ. ನನ್ನ ಹರಕುಮುರುಕು ಹಿಂದಿಯಲ್ಲಿ "ಉದ್ದನ್ನು ನೈಸ್ ಮಾಡಿ" ಅಂದೆ. ಅವರು "ಒಳ್ಳೆ ಉದ್ದು ತರಬೇಕಾ?" ಅಂತ ಕೇಳಿದರು. ಅವರ ಮರಾಠಿಯಲ್ಲಿ ಅದು 'ಬಾರೀಕ್'. ಹಿಂದಿಯಲ್ಲೂ ಬಾರೀಕ್ ಅಥವಾ ಮಹೀನ್. ನೈಸ್ ಅಂದರೆ ಅವರಿಗೆ 'ಚೆನ್ನಾಗಿದೆ' ಒಂದೇ.

ನಮ್ಮ ಅಪಾರ್ಟ್‌ಮೆಂಟಿನ ತಮಿಳು ಆಂಟಿಗೆ ಮಾತ್ರ ತಕ್ಷಣ ಗೊತ್ತಾಯಿತು. ಅವರೂ "ನೈಸಾ" ಅರೆಯಬೇಕು ಅನ್ನುತ್ತಾರೆ. "ನೈಸಾ" ಜಾರಿಕೊಂಡ ಅಂತಲೂ ಅನ್ನುತ್ತಾರೆ! ತೆಲುಗಿನವರೂ "ನೈಸುಗಾ" ಅನ್ನುವುದನ್ನು ಕೇಳಿದ್ದೇನೆ.

ಇಂಗ್ಲಿಷ್ ಎಲ್ಲ ಕಡೆಗೂ ಬಂತು. ಆದರೆ ಹಿಟ್ಟಿಗೆ ನೈಸ್ ಅನ್ನುವುದು ದಕ್ಷಿಣದಲ್ಲೇ ಯಾಕೆ? ಇಂಗ್ಲಿಷಿನ ಹಳೆಯ ಅರ್ಥವೇ ಕಾರಣವಾಗಿದ್ದರೆ ಹಿಂದಿ, ಮರಾಠಿಯಲ್ಲೂ ಉಳಿಯಬೇಕಿತ್ತಲ್ವಾ?

ಹಳೇಮೇಷ್ಟ್ರು:
ಭಲೇ! ಇದು ಕೇಳಬೇಕಾದ ಪ್ರಶ್ನೆ. ಬೇರುಹುಡುಕರೇ, ನಿಮಗೆ ಅರ್ಧ ಗೆಲುವು ಸಿಗುವ ಹಾಗಿದೆ.

ತಮಿಳಿನಲ್ಲಿ 'ನಯಂ' ಇದೆ. ತೆಲುಗಿನಲ್ಲಿ 'ನಯಂ', 'ನಯವಂಚನ' ಇದೆ. ನಮ್ಮಲ್ಲಿ ನಯ ಇದೆ. ಮೂರೂ ಕಡೆ ಈ ಪದ ಮೊದಲೇ ಮನೆ ಮಾಡಿಕೊಂಡಿತ್ತು. ಇಂಗ್ಲಿಷಿನ ನೈಸ್ ಹೊಸ ಬಾಡಿಗೆದಾರನ ಥರ ಬಂತು. ಸದ್ದು ಒಂದೇ ಥರ ಇದ್ದಿದ್ದರಿಂದ ನಯದ ಕೋಣೆಯಲ್ಲೇ ಚಾಪೆ ಹಾಸಿತು. ಇದು ನನ್ನ ಊಹೆ. ಆದರೆ ಈ ಊಹೆ ಬಿಟ್ಟರೆ ಪುಣೆಯವರ ಪ್ರಶ್ನೆಗೆ ಬೇರೆ ಉತ್ತರ ನನಗೆ ಹೊಳೆಯುತ್ತಿಲ್ಲ.

ಬೇರುಹುಡುಕ:
ಅರ್ಧ ಗೆಲುವು ಸಾಕು ಸರ್. ನೈಸಾಗಿ ತಗೋತೀನಿ.

ಬಾವಿಕಟ್ಟೆ:
ತಡವಾಗಿ ಬಂದೆ. ಒಂದು ಮಾತು ಸೇರಿಸಲೇಬೇಕು.

ನಯ ಒಂದೇ ಅಲ್ಲ. ನಮ್ಮಲ್ಲಿ 'ನುಣ್ಣಗೆ' ಇದೆಯಲ್ಲ, ಅದನ್ನು ಎಲ್ಲರೂ ಮರೆತೇಬಿಟ್ಟಿರಿ! ನಮ್ಮಜ್ಜಿ ಒರಳಿನಲ್ಲಿ ರುಬ್ಬಿದವರು. ಅವರ ಬಾಯಲ್ಲಿ ಒಂದು ದಿನವೂ ನೈಸ್ ಕೇಳಲಿಲ್ಲ. "ನುಣ್ಣಗೆ ರುಬ್ಬು, ಬೆಣ್ಣೆ ಥರ ಬರಬೇಕು" ಅನ್ನುತ್ತಿದ್ದರು. ನಮ್ಮಮ್ಮ ಮಿಕ್ಸಿ ಬಂದ ಮೇಲೆ ನೈಸ್ ಅನ್ನತೊಡಗಿದರು. ಒಂದೇ ಮನೆ, ಒಂದೇ ಅಡುಗೆಕೋಣೆ.

ಈಗ ನುಣ್ಣಗೆ ಏನೇನು ಮಾಡುತ್ತದೆ ನೋಡಿ. ನುಣ್ಣನೆಯ ಹಿಟ್ಟು. ನುಣ್ಣನೆಯ ಮಾತು. ನುಣ್ಣಗೆ ತಲೆ ಬೋಳಿಸಿದ, ಅಂದರೆ ಮೋಸ ಮಾಡಿದ. ದೂರದ ಬೆಟ್ಟ ನುಣ್ಣಗೆ, ಹತ್ತಿರ ಹೋದರೆ ಕಲ್ಲುಮುಳ್ಳು. ಇನ್ನು 'ನುಣುಚಿಕೊಳ್ಳು' ಅನ್ನುವುದು? ಕೈಯಿಂದ ಜಾರುವುದು. ದೋಸೆಹೆಂಚು ಅವರ ಆಫೀಸಿನ ಮಹಾಶಯರು ಮಾಡುವುದು ಇದನ್ನೇ ಅಲ್ವಾ? ನುಣುಪಾದದ್ದು ಜಾರುತ್ತದೆ. ಜಾರುವುದನ್ನು ಹಿಡಿಯಲು ಆಗುವುದಿಲ್ಲ. ಆದ್ದರಿಂದ ನುಣುಪಿನ ಮನುಷ್ಯನನ್ನು ನಂಬುವ ಹಾಗಿಲ್ಲ. ಮೀನು ಹಿಡಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ಆದ್ದರಿಂದ ನನ್ನ ಲೆಕ್ಕ ಹೀಗೆ. ನುಣುಪಿನಿಂದ ಮೋಸಕ್ಕೆ ಹೋಗುವ ಕಾಲುದಾರಿ ಕನ್ನಡದಲ್ಲಿ ಮೊದಲೇ ಸವೆದಿತ್ತು. ನಯ ನಡೆದು ನಯವಂಚಕ ಆಯಿತು. ನುಣುಪು ನಡೆದು ನುಣುಚಿಕೊಳ್ಳು ಆಯಿತು. ನೈಸ್ ಬಂದು ಅದೇ ದಾರಿಯಲ್ಲಿ ನಡೆಯಿತು. ಇಂಗ್ಲಿಷಿನಲ್ಲಿ ನೈಸ್‌ಗೆ ಜಾರಿಕೊಳ್ಳುವ ಅರ್ಥ ಇಲ್ಲವೇ ಇಲ್ಲ. ಅದು ಇಲ್ಲಿ ಹುಟ್ಟಿದ್ದು. ಅಷ್ಟರ ಮಟ್ಟಿಗೆ ಅದು ಕನ್ನಡದ ಪದವೇ.

ದೋಸೆಹೆಂಚು:
ಬಾವಿಕಟ್ಟೆ ಸರ್, ನುಣ್ಣಗೆ! ನಾನು ಈ ಪದ ಬಳಸಿ ಎಷ್ಟು ವರ್ಷ ಆಯಿತೋ. ಓದಿದ ಕೂಡಲೇ ಅಮ್ಮನ ಧ್ವನಿ ಕೇಳಿಸಿದ ಹಾಗಾಯಿತು.

ಆದರೂ ಆ ಫಾರ್ವರ್ಡ್ ನನ್ನನ್ನು ಬಿಡುತ್ತಿಲ್ಲ. ಹುಟ್ಟಿದಾಗಿನ ಅರ್ಥವೇ ನಿಜವಾದ ಅರ್ಥ ಅಂತ ಅವರ ವಾದ. ಅದು ತಪ್ಪು ಅಂತ ಅನಿಸುತ್ತದೆ, ಆದರೆ ಯಾಕೆ ಅಂತ ಹೇಳಲು ಬರುತ್ತಿಲ್ಲ.

ಬಾವಿಕಟ್ಟೆ:
ಮೇಡಂ, ನಿಮ್ಮ ಹೆಂಚಿಗೆ ಸವರುವ ಎಣ್ಣೆ ಯಾವುದು? ಕಡಲೆಕಾಯಿಯದ್ದಾದರೆ ಅದನ್ನು ಎಣ್ಣೆ ಅನ್ನಬಾರದು. ಎಣ್ಣೆ ಅಂದರೆ ಎಳ್ಳಿನ ನೆಯ್. ಎಳ್ಳಿನಿಂದ ತೆಗೆದದ್ದು ಮಾತ್ರ ಎಣ್ಣೆ ಆಗಿತ್ತು. ಈಗ ಕೊಬ್ಬರಿ ಎಣ್ಣೆ, ಸೀಮೆಎಣ್ಣೆ, ಸಂಜೆ ಗೆಳೆಯರ ಜೊತೆ ಹಾಕುವ 'ಎಣ್ಣೆ' ಎಲ್ಲ ಎಣ್ಣೆಯೇ. ಇಂಗ್ಲಿಷಿನ ಆಯಿಲ್ ಕೂಡ ಹೀಗೇ. ಅದು ಮೂಲದಲ್ಲಿ ಆಲಿವ್ ಕಾಯಿಯದ್ದು ಮಾತ್ರ. ಆ ಫಾರ್ವರ್ಡ್ ಕಳಿಸಿದವರಿಗೆ "ನಿಮ್ಮ ಬೈಕಿಗೆ ಎಳ್ಳೆಣ್ಣೆ ಹಾಕಿಸಿ" ಅಂತ ಉತ್ತರ ಕೊಡಿ.

ಹಳೇಮೇಷ್ಟ್ರು:
ಹ್ಹ ಹ್ಹ. ಇದಕ್ಕೆ ಜೊತೆಯಾಗಿ ಸಂಸ್ಕೃತದಿಂದ ಒಂದು. 'ಮುಗ್ಧ' ಮತ್ತು 'ಮೂಢ' ಎರಡೂ ಒಂದೇ ಧಾತುವಿನವು. ಮುಹ್, ಅಂದರೆ ದಿಕ್ಕು ತೋಚದಂತಾಗು. ಮೋಹವೂ ಅಲ್ಲಿಂದಲೇ. ಮುಗ್ಧ ಅಂದರೆ ಮೊದಲು ಮಂಕಾದವನು, ಪೆದ್ದ. ಆಮೇಲೆ ಏನೂ ತಿಳಿಯದ ಮಗುವಿನಂಥವನು. ಆಮೇಲೆ ಚೆಲುವು ಅನ್ನುವ ಅರ್ಥವೂ ಬಂತು. ಈಗ "ಎಷ್ಟು ಮುಗ್ಧ ನಗು" ಅಂದರೆ ಹೊಗಳಿಕೆ. "ಎಷ್ಟು ಮೂಢ" ಅಂದರೆ ಹೊಡೆದಾಟ. ನೈಸ್ ಏರಿದ ಏಣಿಯನ್ನೇ ಮುಗ್ಧವೂ ಏರಿದೆ. ಮೂಢ ಕೆಳಗೇ ಕೂತಿದೆ.

ತಿರುಗಿ ಇಳಿದವೂ ಉಂಟು. ಇಂಗ್ಲಿಷಿನ ಸಿಲ್ಲಿ ಹಳೆಯ ಕಾಲದಲ್ಲಿ ದೇವರ ದಯೆ ಇದ್ದವನು, ಸುಖಿ. ಆಮೇಲೆ ಮುಗ್ಧ, ಆಮೇಲೆ ಅಯ್ಯೋ ಅನಿಸುವವನು, ಕೊನೆಗೆ ಪೆದ್ದ. ನೈಸ್ ಹತ್ತುವಾಗ ಸಿಲ್ಲಿ ಇಳಿಯುತ್ತಿತ್ತು. ನಡುವೆ ಎಲ್ಲೋ ಇಬ್ಬರೂ ಎದುರಾಗಿರಬೇಕು!

ಕರಾವಳಿಗ:
ಸಿಲ್ಲಿಯ ಕಥೆ ಕೇಳಿ ನಮ್ಮ 'ಪಾಪ' ನೆನಪಾಯಿತು ಮಾರಾಯ್ರೆ. ಪಾಪ ಅಂದರೆ ಕೆಟ್ಟ ಕೆಲಸ. ಆದರೆ ನಮ್ಮ ಊರಲ್ಲಿ "ಅವ ಪಾಪದವ" ಅಂದರೆ ಯಾರ ತಂಟೆಗೂ ಹೋಗದ ಸಾಧು ಮನುಷ್ಯ. "ಅಯ್ಯೋ ಪಾಪ" ಅನ್ನುವಾಗ ಯಾರೂ ನರಕದ ಲೆಕ್ಕ ಹಾಕುವುದಿಲ್ಲ.

ಲಿನಕ್ಸ್‌ಪ್ರಿಯ:
ಪಾಪದವ ಅಂದಿದ್ದಕ್ಕೆ ನಮ್ಮ ಕಡೆಯ ನೈಸ್ ಒಂದು ಹೇಳುತ್ತೇನೆ. ಕಂಪ್ಯೂಟರ್ ನಡೆಸುವ ಯುನಿಕ್ಸ್, ಲಿನಕ್ಸ್ ಅನ್ನುವ ವ್ಯವಸ್ಥೆಗಳಲ್ಲಿ 'ನೈಸ್' ಅಂತಲೇ ಒಂದು ಕಮಾಂಡ್ ಇದೆ. ಕಂಪ್ಯೂಟರಿನಲ್ಲಿ ಓಡುವ ಪ್ರತಿಯೊಂದು ಪ್ರೋಗ್ರಾಮಿಗೂ ನೈಸ್ ನಂಬರ್ ಇರುತ್ತದೆ. ಲಿನಕ್ಸಿನಲ್ಲಿ ಮೈನಸ್ 20ರಿಂದ 19ರವರೆಗೆ. ಸಾಮಾನ್ಯವಾಗಿ 0. ನಂಬರ್ ಜಾಸ್ತಿ ಇದ್ದಷ್ಟೂ ಆ ಪ್ರೋಗ್ರಾಮು ಬೇರೆಯವರಿಗೆ ದಾರಿ ಬಿಡುತ್ತದೆ, ಸರದಿಯಲ್ಲಿ ಹಿಂದೆ ನಿಲ್ಲುತ್ತದೆ. 19 ಅಂದರೆ ಪೂರ್ತಿ ಪಾಪದವ. ಯಾರು ಬೇಕಾದರೂ ತಮ್ಮ ಪ್ರೋಗ್ರಾಮನ್ನು ಹೆಚ್ಚು ನೈಸ್ ಮಾಡಬಹುದು. ಸೊನ್ನೆಯಿಂದ ಕೆಳಗಿಳಿಸಿ ಮುಂದೆ ನುಗ್ಗಿಸಲು ಅಡ್ಮಿನ್ ಆಗಿರಬೇಕು. ಆಫೀಸಿನ ಕಥೆಯೇ ಅಲ್ವಾ?

ಬೆಂಗಳೂರಿನ ನೈಸ್ ರೋಡ್ ಬಗ್ಗೆ ಯಾರಾದರೂ ಕೇಳುವ ಮೊದಲೇ ಹೇಳಿಬಿಡುತ್ತೇನೆ. ಅದು ಪದವೇ ಅಲ್ಲ. ನಂದಿ ಇನ್‌ಫ್ರಾಸ್ಟ್ರಕ್ಚರ್ ಕಾರಿಡಾರ್ ಎಂಟರ್‌ಪ್ರೈಸಸ್, ಅದರ ಮೊದಲ ಅಕ್ಷರಗಳು ಅಷ್ಟೇ.

ಥೇಮ್ಸ್‌ದಡ:
ಮೇಷ್ಟ್ರೇ, ಶಾಲೆಯಲ್ಲಿ ಪ್ರಬಂಧದಲ್ಲಿ ನೈಸ್ ಬರೆದರೆ ಟೀಚರು ಕೆಂಪು ಗೆರೆ ಎಳೆಯುತ್ತಿದ್ದರು. ಅದಕ್ಕೂ ಏನಾದರೂ ಹಳೆಯ ಕಾರಣ ಇದೆಯಾ?

ಹಳೇಮೇಷ್ಟ್ರು:
ಕೆಂಪು ಗೆರೆ ನಾನೂ ಎಳೆದಿದ್ದೇನೆ, ಒಪ್ಪಿಕೊಳ್ಳುತ್ತೇನೆ. ಆ ಸಿಟ್ಟು ಇನ್ನೂರು ವರ್ಷ ಹಳೆಯದು. ಜೇನ್ ಆಸ್ಟಿನ್ ತೀರಿಕೊಂಡ ಮೇಲೆ, 1817ರ ಕೊನೆಯಲ್ಲಿ ಬಂದ 'ನಾರ್ಥ್ಯಾಂಗರ್ ಆಬಿ' ಕಾದಂಬರಿಯಲ್ಲಿ ಇದರ ಮೇಲೆ ಒಂದು ಚೆಂದದ ಕೀಟಲೆ ಇದೆ. ಕ್ಯಾಥರೀನ್ ಒಂದು ಪುಸ್ತಕವನ್ನು ನೈಸ್ ಅನ್ನುತ್ತಾಳೆ. ಹೆನ್ರಿ ಬಿಡುತ್ತಾನಾ? ದಿನವೂ ನೈಸ್, ವಾಕಿಂಗೂ ನೈಸ್, ನೀವೂ ನೈಸ್, ಎಲ್ಲಕ್ಕೂ ಒಂದೇ ಪದ ಸಾಕು ಅಂತ ಗೋಳು ಹೊಯ್ದುಕೊಳ್ಳುತ್ತಾನೆ. ಮೊದಲು ಅಚ್ಚುಕಟ್ಟು, ನಾಜೂಕು ಅನ್ನುವುದಕ್ಕೆ ಮಾತ್ರ ಇದ್ದ ಪದ ಈಗ ಎಲ್ಲಕ್ಕೂ ಆಗಿಹೋಗಿದೆ ಅಂತ ಅವನ ತಕರಾರು. ಪಾಪ, ಅವನು ಹೇಳುವ 'ಮೊದಲು' ಕೂಡ ಮೊದಲಲ್ಲ. ಅದಕ್ಕೂ ಮುಂಚೆ ಅದು ಪೆದ್ದ ಆಗಿತ್ತಲ್ಲ! ತಾನು ಕಲಿತಾಗ ಇದ್ದ ಅರ್ಥವೇ ಸರಿ ಅಂತ ಎಲ್ಲರಿಗೂ ಅನಿಸುತ್ತದೆ.

ಪುಣೆಕನ್ನಡತಿ:
ಒಂದು ಸಣ್ಣ ಪ್ರಶ್ನೆ. ಅಜ್ಞಾನದ 'ಜ್ಞಾ' ಮತ್ತು ಸೈನ್ಸಿನ 'ಸ್ಕಿ', ಇವೆರಡೂ ಒಂದೇ ಬೇರಿನವಾ?

ಹಳೇಮೇಷ್ಟ್ರು:
ಅಲ್ಲ. ಜ್ಞಾ ಇಂಗ್ಲಿಷಿನಲ್ಲಿ ತಿಳಿ ಅನ್ನುವ ಅರ್ಥದ 'ನೋ' ಪದದ ಅಕ್ಕ. ಬರೆಯುವಾಗ ಮುಂದೆ 'ಕೆ' ಸುಮ್ನೆ ಬರುತ್ತದಲ್ಲ, ಅದೇ ಆ ಹಳೆಯ ಜ್ಞಾದ ಗುರುತು. ಸ್ಕಿರೆಯ ಮೂಲ ಅರ್ಥ ಸೀಳು, ಬೇರೆ ಮಾಡು. ಸಂಸ್ಕೃತದ 'ಛಿದ್' ಅದರ ನೆಂಟ ಅನ್ನುತ್ತಾರೆ. ಛೇದ, ವಿಚ್ಛೇದನ ಬಂದದ್ದು ಅಲ್ಲಿಂದ. ಕಾಳು ಬೇರೆ, ಕಲ್ಲು ಬೇರೆ ಅಂತ ಆರಿಸಬಲ್ಲವನೇ ತಿಳಿದವನು.

ದೋಸೆಹೆಂಚು:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇಡೀ ಚರ್ಚೆಯನ್ನು ರಾತ್ರಿ ಊಟ ಮಾಡುವಾಗ ಮನೆಯಲ್ಲಿ ಓದಿ ಹೇಳಿದೆ. ಅತ್ತೆ ನುಣ್ಣಗೆ ಬಂದ ಜಾಗದಲ್ಲಿ ತಲೆ ಆಡಿಸಿದರು. ಮಗ ಮೊದಲಿಂದ ಕೊನೆಯವರೆಗೆ ಕೇಳಿ, ಒಂದೇ ಪ್ರಶ್ನೆ ಕೇಳಿದ. "ಸೈನ್ಸ್ ಅಂದ್ರೆ ತಿಳಿದದ್ದು, ನೈಸ್ ಅಂದ್ರೆ ತಿಳಿಯದ್ದು. ಹಾಗಾದ್ರೆ ನಮ್ಮ ಸೈನ್ಸ್ ಟೀಚರ್ ನೈಸ್ ಆಗಿರೋಕೇ ಆಗಲ್ವಾ?"

ಹಳೇಮೇಷ್ಟ್ರು:
ನಮ್ಮ ಕಾಲದವರಂತೂ ಇರಲಿಲ್ಲ ಮಗು.